ಒಂದೇ ಬಾಣಲೆಯ ರಾತ್ರಿಯೂಟ: ಅಕ್ಕಿ, ಪಾಸ್ತಾ, ಮೊಟ್ಟೆ, ಆಲೂಗಡ್ಡೆ, ಇವತ್ತು ಯಾವುದು?

ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಒಂದು ರಾತ್ರಿ ತರಕಾರಿ ಹಾಕಿ ಬೇಯಿಸಿದ ಅನ್ನ ಬಡಿಸಿದ್ದೆ. ಅವಳು ಎರಡು ಬೆರಳಲ್ಲಿ ಈರುಳ್ಳಿಯ ಒಂದೊಂದೇ ಎಳೆ ಹಿಡಿದು ಎಳೆದು, ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸುತ್ತಾ ಹೋದಳು. ಬಟಾಣಿ ತಿಂದಳು, ಕ್ಯಾರೆಟ್ ತಿಂದಳು. ಈರುಳ್ಳಿ ಮಾತ್ರ ಸಾಲು ನಿಂತಿತು. "ಯಾಕಮ್ಮ, ಖಾರ ಇದೆಯಾ?" ಅಂತ ಕೇಳಿದೆ. "ಇಲ್ಲ, ಜಾರುತ್ತೆ" ಅಂದಳು. ಎರಡು ದಿನ ಬಿಟ್ಟು ಅದೇ ಅನ್ನ ಮಾಡಿದೆ. ಈ ಸಲ ಈರುಳ್ಳಿಯನ್ನು ತುರಿದು ಹುರಿದಿದ್ದೆ. ತಟ್ಟೆ ಖಾಲಿಯಾಯಿತು.

ಮಕ್ಕಳು ಊಟ ಬೇಡ ಅಂದಾಗ ನಾವು ರುಚಿಯನ್ನು ತಿದ್ದಲು ಹೋಗುತ್ತೇವೆ. ಇನ್ನೊಂಚೂರು ಉಪ್ಪು, ಇನ್ನೊಂಚೂರು ಬೆಣ್ಣೆ. ಆದರೆ ತುಂಬಾ ಸಲ ತಕರಾರು ಇರುವುದು ಹದದಲ್ಲಿ. ಜಾರುವುದು, ನಾರು ನಾರಾಗಿರುವುದು, ಮೆತ್ತಗಿನ ಅನ್ನದ ನಡುವೆ ದಿಢೀರನೆ ಗಟ್ಟಿ ಚೂರು ಸಿಗುವುದು. ಒಂದೇ ಬಾಣಲೆಯ ಅಡುಗೆಯಲ್ಲಿ ಎಲ್ಲವೂ ಒಟ್ಟಿಗೆ ಬೇಯುವುದರಿಂದ ಈ ಸಮಸ್ಯೆ ಜಾಸ್ತಿ. ಹಾಗಾಗಿ ಯಾವ ಅಡುಗೆ ಅಂತ ಯೋಚಿಸುವ ಮೊದಲು ನಾನು ಎರಡು ವಿಷಯ ನೋಡುತ್ತೇನೆ. ಮಗು ಹಸಿವಿನಿಂದ ರಚ್ಚೆ ಹಿಡಿಯುವುದಕ್ಕೆ ಇನ್ನು ಎಷ್ಟು ಹೊತ್ತಿದೆ? ತಟ್ಟೆಯಲ್ಲಿ ಏನೇನಿದೆ ಅಂತ ಅದಕ್ಕೆ ಕಾಣುತ್ತದಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಅಕ್ಕಿಯೋ ಪಾಸ್ತಾವೋ ಮೊಟ್ಟೆಯೋ ಆಲೂಗಡ್ಡೆಯೋ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಕೆಳಗೆ ಕೊಟ್ಟಿರುವ ಅಳತೆಗಳೆಲ್ಲ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಲೆಕ್ಕದಲ್ಲಿವೆ. ಬಾಣಲೆ ಅಂದರೆ ಇಲ್ಲಿ ಚಪ್ಪಟೆ ತಳದ, ಅಗಲವಾದ, ಎರಡು ಇಂಚಿನಷ್ಟು ಎತ್ತರದ ಅಂಚಿರುವ, ಮುಚ್ಚಳ ಸರಿಯಾಗಿ ಕೂರುವ ಪಾತ್ರೆ.

ಮೊದಲು ಗಡಿಯಾರ

ತರಕಾರಿ ಹೆಚ್ಚುವುದೂ ಸೇರಿ ಮೊಟ್ಟೆಯ ಊಟಕ್ಕೆ 15ರಿಂದ 20 ನಿಮಿಷ ಸಾಕು. ಪಾಸ್ತಾಕ್ಕೆ 25. ಆಲೂಗಡ್ಡೆಗೆ 35. ಅಕ್ಕಿಗೆ 40, ನೆನೆಸಿಟ್ಟಿದ್ದರೆ ಸ್ವಲ್ಪ ಕಡಿಮೆ. ಆದರೆ ಈ ಅಂಕಿಗಳಷ್ಟೇ ನೋಡಿದರೆ ಮೋಸ ಹೋಗುತ್ತೀರಿ. ಅಕ್ಕಿಯ 40 ನಿಮಿಷದಲ್ಲಿ 25 ನಿಮಿಷ ನಿಮ್ಮ ಕೈಗೆ ಕೆಲಸವೇ ಇಲ್ಲ. ಮುಚ್ಚಳ ಹಾಕಿ ಮಗುವಿಗೆ ಸ್ನಾನ ಮಾಡಿಸಬಹುದು, ಹೋಂವರ್ಕ್ ನೋಡಬಹುದು. ಪಾಸ್ತಾದ 25 ನಿಮಿಷದಲ್ಲಿ ಒಲೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ಒಬ್ಬರೇ ಅಡುಗೆ ಮಾಡುತ್ತಿದ್ದು, ಕಾಲಿಗೆ ಒಂದು ಪುಟ್ಟ ಮಗು ಜೋತುಬಿದ್ದಿದ್ದರೆ ಎಷ್ಟು ನಿಮಿಷ ಅನ್ನುವುದಕ್ಕಿಂತ ಎಷ್ಟು ನಿಮಿಷ ಕೈ ಖಾಲಿ ಅನ್ನುವುದೇ ಮುಖ್ಯ.

ಮೊಟ್ಟೆ: ಹಸಿವು ಬಾಗಿಲಿಗೆ ಬಂದಾಗ

ಮಗು ಈಗಲೇ ಅಳುತ್ತಿದೆ ಅಂದರೆ ಬೇರೆ ಯೋಚನೆ ಬೇಡ, ಮೊಟ್ಟೆ ಒಡೆಯಿರಿ. ಆರೇಳು ಮೊಟ್ಟೆ, ಕಾಲು ಕಪ್ ಹಾಲು, ಒಂದು ಹಿಡಿ ತುರಿದ ಚೀಸ್, ಒಂದೆರಡು ಬಗೆಯ ತರಕಾರಿ. ತರಕಾರಿಯನ್ನು ಮೊದಲು ಬಾಣಲೆಯಲ್ಲಿ ನೀರು ಪೂರ್ತಿ ಆರುವ ತನಕ ಹುರಿಯಬೇಕು. ಈ ಹೆಜ್ಜೆ ಬಿಟ್ಟರೆ ತರಕಾರಿಯ ನೀರೆಲ್ಲ ಮೊಟ್ಟೆಗೆ ಇಳಿದು ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಆ ನೀರು ಕಂಡ ಮಗು ಆಮೇಲೆ ಎಷ್ಟು ಹೇಳಿದರೂ ಬಾಯಿ ತೆರೆಯುವುದಿಲ್ಲ. ಅಣಬೆ, ಪಾಲಕ್, ಟೊಮೆಟೊ ಹಾಕುವಾಗ ಇನ್ನೂ ಹುಷಾರಾಗಿರಿ. ಅಣಬೆಯ ತೂಕದಲ್ಲಿ ನೂರಕ್ಕೆ 90ರಷ್ಟು ನೀರೇ.

ಕಲಕಿದ ಮೊಟ್ಟೆ ಸುರಿದ ಮೇಲೆ ಉರಿ ಸಣ್ಣದು ಮಾಡಿ ಮುಚ್ಚಿಡಿ. ಎಂಟು ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಬಿಳಿಭಾಗ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ, ಹಳದಿ 65ರ ಮೇಲೆ. ಮಕ್ಕಳಿಗೆ ಕೊಡುವ ಮೊಟ್ಟೆಯ ಅಡುಗೆ ಒಳಗೆ 71 ಡಿಗ್ರಿ ಮುಟ್ಟಿರಬೇಕು. ಮಧ್ಯದಲ್ಲಿ ಚಾಕು ಚುಚ್ಚಿದರೆ ಹಸಿ ಅಂಟಬಾರದು, ಅಷ್ಟೇ. ಹಾಗಂತ ಜೋರು ಉರಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಮೊಟ್ಟೆ ಬಿಗಿದುಕೊಂಡು ನೀರು ಬಿಡುತ್ತದೆ, ರಬ್ಬರಿನ ಹಾಗೆ ಆಗುತ್ತದೆ.

ಮೊಟ್ಟೆಯ ದೊಡ್ಡ ಅನುಕೂಲ ಅಂದರೆ ಅದನ್ನು ತ್ರಿಕೋನದ ತುಂಡುಗಳಾಗಿ ಕತ್ತರಿಸಿ ಕೈಗೆ ಕೊಡಬಹುದು. ಚಮಚ ಹಿಡಿಯಲು ಇನ್ನೂ ಬಾರದ ಮಗು ಕೂಡ ತಾನೇ ತಿನ್ನುತ್ತದೆ. ಬಾಣಲೆಯ ಕಾಲು ಭಾಗಕ್ಕೆ ತರಕಾರಿ ಹಾಕದೆ ಬರೀ ಚೀಸ್ ಹಾಕಿ ಬಿಡಬಹುದು. ಒಂದೇ ಬಾಣಲೆ, ಎರಡು ಬಗೆ. ಇಷ್ಟು ಸುಲಭವಾಗಿ ಪಾಲು ಮಾಡಲು ಬೇರೆ ಯಾವ ಅಡುಗೆಯಲ್ಲೂ ಆಗುವುದಿಲ್ಲ.

ಕೊರತೆಯೂ ಇದೆ. ಮೊಟ್ಟೆಯ ವಾಸನೆ ಕೆಲವು ಮಕ್ಕಳಿಗೆ ಆಗಲ್ಲ. ಅಲರ್ಜಿ ಇರುವ ಮನೆಯಲ್ಲಿ ಈ ದಾರಿಯೇ ಇಲ್ಲ. ಮತ್ತೆ, ಬೆಳೆಯುವ ವಯಸ್ಸಿನ ಹುಡುಗರಿಗೆ ಬರೀ ಮೊಟ್ಟೆ ಸಾಲದು, ಜೊತೆಗೆ ಬ್ರೆಡ್ಡೋ ನಿನ್ನೆಯ ಬೇಯಿಸಿದ ಆಲೂಗಡ್ಡೆಯೋ ಬೇಕು.

ಪಾಸ್ತಾ: ಹಠ ಮಾಡುವ ಮಗುವಿಗೆ

ಹೊಸದೇನೂ ಬೇಡ ಅನ್ನುವ ವಯಸ್ಸೊಂದು ಇರುತ್ತದೆ. ಸಾಮಾನ್ಯವಾಗಿ ಎರಡರಿಂದ ಆರು ವರ್ಷದ ನಡುವೆ ಇದು ಜೋರು. ಆ ವಯಸ್ಸಿನ ಮಗುವಿಗೆ ಪಾಸ್ತಾ ಹಿಡಿಸುವುದಕ್ಕೆ ಒಂದು ಸರಳ ಕಾರಣವಿದೆ. ಪ್ರತಿ ತುತ್ತೂ ಹಿಂದಿನ ತುತ್ತಿನ ಹಾಗೇ ಇರುತ್ತದೆ. ಬಾಯಿಗೆ ಏನು ಬರುತ್ತದೆ ಅಂತ ಮಗುವಿಗೆ ಮೊದಲೇ ಗೊತ್ತು.

ದೊಡ್ಡ ಪಾತ್ರೆಯಲ್ಲಿ ಕುದಿಸಿ ನೀರು ಬಸಿಯುವ ಅಭ್ಯಾಸ ನಮಗೆಲ್ಲ ಇದೆ. ಬಾಣಲೆಯಲ್ಲೇ ಬೇಯಿಸುವಾಗ ಬಸಿಯುವುದಿಲ್ಲ. 250 ಗ್ರಾಂ ಗಿಡ್ಡ ಪಾಸ್ತಾಕ್ಕೆ ಸುಮಾರು ಮೂರು ಕಪ್, ಅಂದರೆ 700ರಿಂದ 750 ಮಿಲಿಲೀಟರ್ ನೀರು. ತುರಿದ ಈರುಳ್ಳಿ, ಬೆಳ್ಳುಳ್ಳಿ ಹುರಿದು, ಟೊಮೆಟೊ ಹಾಕಿ, ಪಾಸ್ತಾ ಮತ್ತು ನೀರು ಹಾಕಿ ಕುದಿಸಿ. ಎರಡು ನಿಮಿಷಕ್ಕೊಮ್ಮೆ ತಳ ಕೆರೆದು ತಿರುಗಿಸಬೇಕು. ಪಾಸ್ತಾ ಬಿಡುವ ಗಂಜಿ ಆ ಸ್ವಲ್ಪ ನೀರಿನಲ್ಲೇ ಉಳಿದು ಸಾಸನ್ನು ದಪ್ಪ ಮಾಡುತ್ತದೆ. ಅದೇ ಗಂಜಿ ತಳವನ್ನೂ ಹಿಡಿಯುತ್ತದೆ. ಒಲೆ ಬಿಟ್ಟು ಅಲ್ಲಾಡಬೇಡಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ಪ್ಯಾಕೆಟ್ ಮೇಲೆ ಬರೆದ ಸಮಯಕ್ಕಿಂತ ಒಂದೆರಡು ನಿಮಿಷ ಜಾಸ್ತಿ ಹಿಡಿಯುತ್ತದೆ.

ಉದ್ದನೆಯ ಪಾಸ್ತಾ ಬೇಡ. ಬಾಣಲೆಯಲ್ಲಿ ಅದು ಸರಿಯಾಗಿ ಮುಳುಗುವುದಿಲ್ಲ, ಮಗುವಿನ ಫೋರ್ಕಿಗೂ ಸಿಗುವುದಿಲ್ಲ. ಕೊಳವೆ, ಸುರುಳಿ, ಚಿಪ್ಪು ಇಂಥ ಆಕಾರಗಳು ಒಳ್ಳೆಯದು. ಚೀಸ್ ಹಾಕುವುದಿದ್ದರೆ ಒಲೆ ಆರಿಸಿದ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಎಣ್ಣೆ ಒಂದು ಕಡೆ, ನಾರು ಒಂದು ಕಡೆ ಆಗಿಬಿಡುತ್ತದೆ.

ಪಾಸ್ತಾದ ನಿಜವಾದ ತೊಂದರೆ ತಡವಾಗಿ ಬರುವವರಿಗೆ. ಒಲೆಯಿಂದ ಇಳಿಸಿದ ಮೇಲೂ ಅದು ನೀರು ಹೀರುತ್ತಲೇ ಇರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮುದ್ದೆ. ಮನೆಯವರೆಲ್ಲ ಒಟ್ಟಿಗೆ ಕೂರದ ದಿನ ಪಾಸ್ತಾ ಮಾಡಬೇಡಿ ಅನ್ನುವುದು ನನ್ನ ಸಲಹೆ. ಮಾಡಲೇಬೇಕು ಅಂದರೆ ತಡವಾಗಿ ಬರುವವರ ಪಾಲಿಗೆ ಅರ್ಧ ಕಪ್ ಬಿಸಿನೀರು ಬೆರೆಸಿ ಬಿಸಿ ಮಾಡಿಕೊಡಿ. ಮತ್ತೊಂದು ಮಾತು, ಬರೀ ಪಾಸ್ತಾ ಬರೀ ಹಿಟ್ಟಿನ ಊಟ. ಒಂದು ಕಪ್ ಬೆಂದ ಕಾಳೋ ಬಟಾಣಿಯೋ ಕೊನೆಯಲ್ಲಿ ಬೆರೆಸಿದರೆ ಊಟಕ್ಕೊಂದು ಅರ್ಥ ಬರುತ್ತದೆ.

ಅಕ್ಕಿ: ಎಲ್ಲರಿಗೂ ಒಂದೇ ಊಟ ಬೇಕಾದಾಗ

ನನ್ನನ್ನು ಕೇಳಿದರೆ ವಾರದಲ್ಲಿ ಹೆಚ್ಚು ದಿನ ಗೆಲ್ಲುವುದು ಅಕ್ಕಿ. ಎರಡು ವರ್ಷದ ಮಗುವಿನಿಂದ ಎಪ್ಪತ್ತು ವರ್ಷದ ಅಜ್ಜಿಯವರೆಗೆ ಎಲ್ಲರ ಹಲ್ಲಿಗೂ ಅನ್ನ ಒಗ್ಗುತ್ತದೆ. ಒಮ್ಮೆ ಹದ ಕೈಗೆ ಕೂತರೆ ಕಾಯುವ ಕೆಲಸವೂ ಇಲ್ಲ. ಆದರೆ ಹದ ತಪ್ಪಿದರೆ ಅಕ್ಕಿಯಷ್ಟು ಬೇಸರ ತರಿಸುವುದು ಬೇರೊಂದಿಲ್ಲ. ಮೇಲೆ ಹಸಿ, ಕೆಳಗೆ ಸೀದು, ನಡುವೆ ಮುದ್ದೆ.

ಈ ಮೂರೂ ಒಟ್ಟಿಗೆ ಆಗುವುದಕ್ಕೆ ಕಾರಣ ಅಗಲ ಬಾಣಲೆ. ಬಾಯಿ ಅಗಲ ಇದ್ದಷ್ಟೂ ಹಬೆಯಾಗಿ ಹೋಗುವ ನೀರು ಜಾಸ್ತಿ. ಕುಕ್ಕರಿನ ಅಳತೆ ಇಲ್ಲಿ ನಡೆಯುವುದಿಲ್ಲ. ಒಂದೂವರೆ ಕಪ್ ಅಕ್ಕಿಗೆ ಮೂರು ಕಪ್ ನೀರು ಮತ್ತು ಮೇಲೆ ಎರಡು ಮೂರು ಚಮಚ ಅಂತ ನಾನು ಶುರು ಮಾಡುತ್ತೇನೆ. ಮುಚ್ಚಳ ಸಡಿಲವಿದ್ದರೆ ಇನ್ನೂ ಕಾಲು ಕಪ್. ಅಕ್ಕಿಯನ್ನು ತೊಳೆದು, ಸೋಸಿ, ಎಣ್ಣೆಯಲ್ಲಿ ಎರಡು ನಿಮಿಷ ಹುರಿಯಿರಿ. ಕಾಳು ಕಾಳಿಗೂ ಎಣ್ಣೆ ಹತ್ತಿ ಹೊಳೆಯಬೇಕು. ಕುದಿಯುವ ನೀರು ಹಾಕಿ, ಒಂದು ಸಲ ಕೈಯಾಡಿಸಿ, ಆಮೇಲೆ ಸೌಟನ್ನು ಮರೆತುಬಿಡಿ. ಪದೇ ಪದೇ ತಿರುವಿದರೆ ಕಾಳು ಮುರಿದು ಗಂಜಿ ಬಿಟ್ಟು ಅಂಟಾಗುತ್ತದೆ. ಒಂದು ಕುದಿ ಬಂದ ಮೇಲೆ ಉರಿಯನ್ನು ಆದಷ್ಟು ಸಣ್ಣ ಮಾಡಿ, ಮುಚ್ಚಿ, 15 ನಿಮಿಷ. ಒಲೆ ಆರಿಸಿ ಮುಚ್ಚಳ ತೆಗೆಯದೆ ಇನ್ನೂ 10 ನಿಮಿಷ. ಈ ಹತ್ತು ನಿಮಿಷವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೆಳಗಿನ ಕಾಳಿನ ತೇವ ಮೇಲಿನ ಕಾಳಿಗೆ ಹಂಚಿಕೊಳ್ಳುವುದು ಈ ಹೊತ್ತಿನಲ್ಲೇ. ಮಕ್ಕಳು ತಟ್ಟೆ ಇಟ್ಟುಕೊಂಡು ಕೂತಿದ್ದರೂ ಸರಿ, ಇಷ್ಟು ಕಾಯಿರಿ.

ಯಾವ ಅಕ್ಕಿ ಅನ್ನುವುದೂ ಮುಖ್ಯ. ಉದ್ದ ಕಾಳಿನ ಅಕ್ಕಿ ಉದುರುದುರಾಗಿ ಬರುತ್ತದೆ, ನೋಡಲು ಚೆಂದ. ಆದರೆ ಎರಡು ಮೂರು ವರ್ಷದ ಮಗು ಚಮಚದಲ್ಲಿ ಎತ್ತುವಷ್ಟರಲ್ಲಿ ಅರ್ಧ ನೆಲಕ್ಕೆ. ಗಿಡ್ಡ ಕಾಳಿನ ಅಕ್ಕಿ ಸ್ವಲ್ಪ ಅಂಟಾಗಿ ಚಮಚದಲ್ಲಿ ನಿಲ್ಲುತ್ತದೆ, ಬಾಯಿಯವರೆಗೂ ತಲುಪುತ್ತದೆ. ದೊಡ್ಡವರು ಉದುರು ಅನ್ನವೇ ಒಳ್ಳೆಯ ಅನ್ನ ಅಂತ ಅಂದುಕೊಂಡಿರುತ್ತಾರೆ. ಪುಟ್ಟ ಮಕ್ಕಳಿಗೆ ಅದು ಕಷ್ಟದ ಅನ್ನ. ಮನೆಯಲ್ಲಿ ಮೂರು ವರ್ಷದೊಳಗಿನವರು ಇದ್ದರೆ ಗಿಡ್ಡ ಅಕ್ಕಿಯನ್ನೇ ಆರಿಸಿ.

ಜೊತೆಗೆ ಹಾಕುವುದೆಲ್ಲ ಅಕ್ಕಿಯ ಕಾಳಿಗೆ ಹೊಂದುವಷ್ಟು ಚಿಕ್ಕದಿರಲಿ. ಕ್ಯಾರೆಟ್ ಬಟಾಣಿ ಗಾತ್ರಕ್ಕೆ, ಬೀನ್ಸ್ ಇನ್ನೂ ಸಣ್ಣಕ್ಕೆ. ಬಟಾಣಿ, ಜೋಳದಂಥ ಬೇಗ ಬೇಯುವವನ್ನು ಒಲೆ ಆರಿಸುವ ಐದು ನಿಮಿಷ ಮೊದಲು ಮೇಲೆ ಹರಡಿ ಮುಚ್ಚಿ. ಬಣ್ಣ ಹಸಿರಾಗೇ ಉಳಿಯುತ್ತದೆ. ಅವು ಮೇಲೆಯೇ ಒಂದು ಪದರವಾಗಿ ಉಳಿಯುವುದರಿಂದ ಬೇಡ ಅನ್ನುವ ಮಗುವಿಗೆ ಪಕ್ಕಕ್ಕೆ ಸರಿಸಿ ಬಡಿಸಬಹುದು.

ಬೇಕೆಂದೇ ಕೊನೆಯ ಮೂರು ನಿಮಿಷ ಉರಿ ಜೋರು ಮಾಡಿದರೆ ತಳದಲ್ಲಿ ಹೊಂಬಣ್ಣದ ಗರಿಗರಿ ಪದರ ಏಳುತ್ತದೆ. ಚಟಪಟ ಸದ್ದು ಕೇಳಿ, ಹುರಿದ ಕಾಳಿನ ಪರಿಮಳ ಬಂದ ಕೂಡಲೇ ಆರಿಸಬೇಕು. ನಮ್ಮ ಮನೆಯಲ್ಲಿ ಆ ಪದರಕ್ಕಾಗಿ ಜಗಳ ಆಗುತ್ತದೆ. ಅನ್ನ ಬೇಡ ಅಂದ ಮಗು ಕೂಡ ಅದನ್ನು ಕುರುಕುರು ತಿನ್ನುತ್ತಾ ಕೂರುತ್ತದೆ.

ಉಳಿದ ಅನ್ನದ ಬಗ್ಗೆ ಒಂದು ಎಚ್ಚರಿಕೆ. ಬಾಣಲೆಯಲ್ಲೇ ರಾತ್ರಿಯಿಡೀ ಒಲೆ ಮೇಲೆ ಬಿಡಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ತಟ್ಟೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಚೆನ್ನಾಗಿ ಹಬೆ ಬರುವಷ್ಟು ಬಿಸಿ ಮಾಡಿ ಮುಗಿಸಿ.

ಆಲೂಗಡ್ಡೆ: ಪುರುಸೊತ್ತಿರುವ ದಿನ

ಆಲೂಗಡ್ಡೆ ಬೇಡ ಅನ್ನುವ ಮಗುವನ್ನು ನಾನು ಇನ್ನೂ ನೋಡಿಲ್ಲ. ಆದರೂ ಇದನ್ನು ಅವಸರದ ದಿನಕ್ಕೆ ಹೇಳುವುದಿಲ್ಲ, ಯಾಕೆಂದರೆ ಅವಸರ ಮಾಡಿದಾಗ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ.

ಮುಕ್ಕಾಲು ಕಿಲೋ ಆಲೂಗಡ್ಡೆಯನ್ನು ಒಂದು ಸೆಂಟಿಮೀಟರ್ ಚೌಕಗಳಾಗಿ ಹೆಚ್ಚಿ ನೀರಲ್ಲಿ ತೊಳೆಯಿರಿ. ಮೇಲಿನ ಗಂಜಿ ಹೋದರೆ ಒಂದಕ್ಕೊಂದು ಅಂಟುವುದಿಲ್ಲ. ಬಟ್ಟೆಯಲ್ಲಿ ಒತ್ತಿ ಒರೆಸಿ. ಎಣ್ಣೆ ಬಿಸಿಯಾದ ಮೇಲೆ ಹಾಕಿ, ಮೊದಲ ಹತ್ತು ನಿಮಿಷ ಮುಚ್ಚಿ ಬೇಯಿಸಿ, ಆಮೇಲಿನ ಹತ್ತು ಹನ್ನೆರಡು ನಿಮಿಷ ಮುಚ್ಚಳ ತೆಗೆದು ಹುರಿಯಿರಿ. ಮುಚ್ಚಿದಾಗ ಹಬೆಯಲ್ಲಿ ಒಳಗೆ ಬೇಯುತ್ತದೆ, ತೆಗೆದಾಗ ಮೇಲೆ ಕೆಂಪಾಗುತ್ತದೆ. ನೀರು ಇರುವ ತನಕ ಬಾಣಲೆಯ ಶಾಖ 100 ಡಿಗ್ರಿ ದಾಟುವುದಿಲ್ಲ. ಕೆಂಪಾಗಲು ಸುಮಾರು 140 ಬೇಕು. ಬಾಣಲೆಯಲ್ಲಿ ಒತ್ತೊತ್ತಾಗಿ ತುಂಬಿದರೆ ಹಬೆ ಹೊರಗೆ ಹೋಗಲು ಜಾಗವಿಲ್ಲದೆ ಆಲೂಗಡ್ಡೆ ಬರೀ ಬೆಂದು ಮೆತ್ತಗಾಗುವುದು ಇದಕ್ಕೇ.

ಟೊಮೆಟೊ, ನಿಂಬೆರಸ ಇದ್ದರೆ ಆಲೂಗಡ್ಡೆ ಪೂರ್ತಿ ಬೆಂದ ಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೆ ಅದು ಬೇಗ ಮೆತ್ತಗಾಗುವುದಿಲ್ಲ, ಅರ್ಧ ಗಂಟೆಯಾದರೂ ಕಟ್ ಅನ್ನುತ್ತದೆ. ಹಸಿರು ತಿರುಗಿದ ಆಲೂಗಡ್ಡೆಯನ್ನು ಮಕ್ಕಳ ಊಟಕ್ಕೆ ಬಳಸಲೇಬೇಡಿ.

ಬೆಂದ ಆಲೂಗಡ್ಡೆಯ ಮಧ್ಯೆ ನಾಲ್ಕು ಗುಳಿ ಮಾಡಿ ನಾಲ್ಕು ಮೊಟ್ಟೆ ಒಡೆದು ಮುಚ್ಚಿಟ್ಟರೆ ಅದೇ ಪೂರ್ತಿ ಊಟ. ಪ್ರತಿಯೊಬ್ಬರಿಗೂ ತಮ್ಮದೇ ಮೊಟ್ಟೆ ಕಾಣುತ್ತದೆ. ಮಕ್ಕಳಿಗೆ ಇದು ತುಂಬಾ ಇಷ್ಟ.

ಕೋಳಿ ಮತ್ತು ಕಾಳು

ಇವೆರಡನ್ನು ನಾನು ಮುಖ್ಯ ಆಯ್ಕೆಯಾಗಿ ನೋಡುವುದಿಲ್ಲ, ಮೇಲಿನ ನಾಲ್ಕರ ಜೊತೆಗೆ ಸೇರಿಸುವವು. ಕೋಳಿ ಹಾಕುವುದಿದ್ದರೆ ಎದೆಯ ಭಾಗಕ್ಕಿಂತ ತೊಡೆಯ ಭಾಗ ಒಳ್ಳೆಯದು, ಹೆಚ್ಚು ಹೊತ್ತು ಬೆಂದರೂ ಒಣಗುವುದಿಲ್ಲ. ಒಣಗಿದ ಮಾಂಸವನ್ನು ಮಕ್ಕಳು ಅಗಿದು ಅಗಿದು ಕೊನೆಗೆ ಉಗುಳುತ್ತಾರೆ. ಒಳಗೆ 74 ಡಿಗ್ರಿ ಮುಟ್ಟಬೇಕು. ಅಗಿಯಲು ಕಷ್ಟಪಡುವ ಮಗುವಿಗೆ ಕೈಮಾ ಸಲೀಸು. ಕಾಳುಗಳನ್ನು ಬೇಯಿಸಿಟ್ಟುಕೊಂಡೇ ಬಾಣಲೆಗೆ ಹಾಕಿ. ಅದರಲ್ಲೂ ರಾಜ್ಮಾವನ್ನು ನೆನೆಸಿ, ಆ ನೀರು ಚೆಲ್ಲಿ, ಮೊದಲು ಜೋರಾಗಿ ಕುದಿಸಲೇಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ, ವಾಂತಿ ಮಾಡಿಸುತ್ತದೆ.

ತರಕಾರಿ ಅಡಗಿಸುವುದಾ, ತೋರಿಸುವುದಾ?

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು. ಅಕ್ಕಿಯೋ ಪಾಸ್ತಾವೋ ಅನ್ನುವುದು ಇವತ್ತಿನ ರಾತ್ರಿಯ ಪ್ರಶ್ನೆ. ಇದು ವರ್ಷಗಟ್ಟಲೆ ನಡೆಯುವ ಪ್ರಶ್ನೆ.

ಅಡಗಿಸುವವರ ವಾದ ನನಗೆ ಅರ್ಥವಾಗುತ್ತದೆ. ತುರಿದು, ರುಬ್ಬಿ ಸಾಸಿನಲ್ಲಿ ಸೇರಿಸಿದರೆ ಮಗುವಿನ ಹೊಟ್ಟೆಗೆ ಹೋಗುತ್ತದೆ, ರಾತ್ರಿ ನೆಮ್ಮದಿ. ಕ್ಯಾರೆಟ್, ಸಿಹಿಗುಂಬಳ, ಕೆಂಪು ದಪ್ಪಮೆಣಸಿನಕಾಯಿ ಟೊಮೆಟೊ ಸಾಸಿನಲ್ಲಿ ಪತ್ತೆಯೇ ಆಗುವುದಿಲ್ಲ, ಜೊತೆಗೆ ಸಿಹಿ ಕೊಡುತ್ತವೆ. ಆದರೆ ಕಣ್ಣಿಗೇ ಕಾಣದ ತರಕಾರಿಯನ್ನು ಮಗು ಇಷ್ಟಪಡಲು ಕಲಿಯುವುದು ಹೇಗೆ? ಹೊಸ ಆಹಾರವೊಂದು ಮಗುವಿಗೆ ಒಗ್ಗಲು ಎಂಟರಿಂದ ಹದಿನೈದು ಸಲ ರುಚಿ ನೋಡಬೇಕಾಗಬಹುದು ಅಂತ ಮಕ್ಕಳ ಊಟದ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ನಾವು ಮೂರನೇ ಸಲಕ್ಕೇ "ಅವನಿಗೆ ಹೂಕೋಸು ಆಗಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೇವೆ, ಅಲ್ವಾ?

ಕಹಿಯ ವಿಷಯದಲ್ಲಿ ಮಕ್ಕಳು ಸುಮ್ನೆ ನಾಟಕ ಮಾಡುತ್ತಾರೆ ಅಂತ ಅಂದುಕೊಳ್ಳಬೇಡಿ. ಕೋಸು, ಬ್ರೊಕೊಲಿ ಜಾತಿಯ ತರಕಾರಿಗಳ ಕಹಿಯನ್ನು ಗುರುತಿಸುವುದರಲ್ಲಿ ಟಿಎಎಸ್‌2ಆರ್‌38 ಎಂಬ ಜೀನ್‌ನ ಪಾತ್ರವಿದೆ. ಅದರ ಒಂದು ಬಗೆ ಇರುವವರಿಗೆ ಆ ಕಹಿ ನಿಜಕ್ಕೂ ಜೋರಾಗಿ ತಿಳಿಯುತ್ತದೆ. ಒಂದೇ ಮನೆಯ ಅಣ್ಣನಿಗೆ ಹಿಡಿಸಿದ್ದು ತಂಗಿಗೆ ಹಿಡಿಸದೆ ಇರಬಹುದು. ಇಂಥ ತರಕಾರಿಯನ್ನು ನೀರಲ್ಲಿ ಬೇಯಿಸುವ ಬದಲು ಬಾಣಲೆಯಲ್ಲಿ ಅಂಚು ಕಂದಾಗುವ ತನಕ ಹುರಿದು, ಚಿಟಿಕೆ ಉಪ್ಪು ಹಾಕಿ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಹುರಿದಾಗ ಸಿಹಿ ಮೇಲೆ ಬರುತ್ತದೆ.

ನನ್ನ ದಾರಿ ಎರಡನ್ನೂ ಸೇರಿಸಿದ್ದು. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿದು ತಳಕ್ಕೆ. ಅದು ರುಚಿಗೆ. ಜೊತೆಗೆ ಒಂದು ತರಕಾರಿ, ಒಂದೇ ಒಂದು, ಕಣ್ಣಿಗೆ ಕಾಣುವ ಹಾಗೆ, ತೆಗೆದು ಪಕ್ಕಕ್ಕಿಡಲು ಆಗುವಷ್ಟು ದೊಡ್ಡದಾಗಿ. ಮಗು ಪಕ್ಕಕ್ಕಿಟ್ಟರೆ ಇಡಲಿ. ಬೆರಳಲ್ಲಿ ಮುಟ್ಟಿತು, ಮೂಸಿ ನೋಡಿತು, ಅಷ್ಟೂ ಲಾಭವೇ. "ಇದರಲ್ಲಿ ಏನಿದೆ?" ಅಂತ ಕೇಳಿದರೆ ನಿಜ ಹೇಳಿ. ಒಮ್ಮೆ ಸುಳ್ಳು ಸಿಕ್ಕಿಬಿದ್ದರೆ ಇಷ್ಟದ ಪಾಸ್ತಾವನ್ನೂ ಕೆದಕಿ ನೋಡಲು ಶುರು ಮಾಡುತ್ತಾರೆ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಕೆಲಸದ ಹಂಚಿಕೆ ನನಗೆ ತುಂಬಾ ಸಹಾಯ ಮಾಡಿದೆ. ಏನು, ಯಾವಾಗ, ಎಲ್ಲಿ ಅನ್ನುವುದು ತಂದೆತಾಯಿಯ ಜವಾಬ್ದಾರಿ. ತಿನ್ನುವುದಾ ಬೇಡವಾ, ಎಷ್ಟು ಅನ್ನುವುದು ಮಗುವಿನದು. ಒಂದೇ ಬಾಣಲೆಯ ಊಟಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬೇರೆ ಅಡುಗೆ ಮಾಡಿಕೊಡುವುದಿಲ್ಲ, ಆದರೆ ಬಾಣಲೆಯಲ್ಲಿ ಮಗುವಿಗೆ ಗೊತ್ತಿರುವ, ಖಂಡಿತ ತಿನ್ನುವ ಒಂದಾದರೂ ವಸ್ತು ಇರುವ ಹಾಗೆ ನೋಡಿಕೊಳ್ಳುತ್ತೇನೆ.

ಖಾರ, ಉಪ್ಪು

ದೊಡ್ಡವರಿಗೆ ಖಾರ ಬೇಕು, ಮಕ್ಕಳಿಗೆ ಬೇಡ. ಖಾರ ಹಾಕದೆ ಬೇಯಿಸಿ, ಮಕ್ಕಳ ಪಾಲು ತೆಗೆದ ಮೇಲೆ ಉಳಿದದ್ದಕ್ಕೆ ಬಾಣಲೆಯಲ್ಲೇ ಎಣ್ಣೆಯಲ್ಲಿ ಹುರಿದ ಮೆಣಸಿನ ಚೂರು ಬೆರೆಸಿ. ಜೀರಿಗೆ, ಬೆಳ್ಳುಳ್ಳಿ, ದಾಲ್ಚಿನ್ನಿಯ ಪರಿಮಳ ಮಕ್ಕಳಿಗೂ ಆಗುತ್ತದೆ, ಅದನ್ನು ಬಿಡಬೇಕಿಲ್ಲ.

ಉಪ್ಪನ್ನೂ ಹೀಗೇ ಕೊನೆಯಲ್ಲಿ ಸರಿ ಮಾಡಿ. ಬ್ರಿಟನ್ನಿನ ಆರೋಗ್ಯ ಸೇವೆಯ ಸಲಹೆಯಂತೆ ಒಂದರಿಂದ ಮೂರು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 2 ಗ್ರಾಂ ಉಪ್ಪು, ನಾಲ್ಕರಿಂದ ಆರಕ್ಕೆ 3 ಗ್ರಾಂ, ಏಳರಿಂದ ಹತ್ತಕ್ಕೆ 5 ಗ್ರಾಂ. ಮಟ್ಟಸವಾದ ಒಂದು ಟೀ ಚಮಚದಲ್ಲಿ ಸುಮಾರು 6 ಗ್ರಾಂ ಹಿಡಿಯುತ್ತದೆ. ಚೀಸ್, ಸೋಯಾ ಸಾಸ್, ಸೂಪಿನ ಕ್ಯೂಬ್ ಹಾಕಿದ ದಿನ ಬೇರೆ ಉಪ್ಪು ಬೇಕಾಗುವುದೇ ಕಡಿಮೆ.

ಬಾಣಲೆ ಯಾವುದು?

ಗಾತ್ರ ಮೊದಲು. 24 ಸೆಂಟಿಮೀಟರ್ ಬಾಣಲೆಗಿಂತ 30 ಸೆಂಟಿಮೀಟರ್ ಬಾಣಲೆಯ ಜಾಗ ಒಂದೂವರೆ ಪಟ್ಟಿಗಿಂತ ಜಾಸ್ತಿ. ನಾಲ್ಕು ಜನಕ್ಕೆ 28 ಅಥವಾ 30 ಬೇಕು. ಇದಕ್ಕಿಂತ ಚಿಕ್ಕದರಲ್ಲಿ ಆಲೂಗಡ್ಡೆ ಯಾವತ್ತೂ ಕೆಂಪಾಗುವುದಿಲ್ಲ. ಆದರೆ ನಿಮ್ಮ ಒಲೆಯ ಉರಿ ಚಿಕ್ಕದಿದ್ದರೆ 30ರ ಅಂಚು ತಣ್ಣಗೇ ಉಳಿಯುತ್ತದೆ. ಆಗಾಗ ಬಾಣಲೆಯನ್ನು ತಿರುಗಿಸಿ ಇಡಬೇಕು.

ಮೊಟ್ಟೆ ಜಾಸ್ತಿ ಮಾಡುವವರಿಗೆ ನಾನ್‌ಸ್ಟಿಕ್ ಒಳ್ಳೆಯದು. ಅದನ್ನು ಖಾಲಿ ಕಾಯಿಸಬೇಡಿ. ಟೆಫ್ಲಾನ್ ಲೇಪ ಸುಮಾರು 260 ಡಿಗ್ರಿ ದಾಟಿದರೆ ಹಾಳಾಗಲು ಶುರುವಾಗುತ್ತದೆ, ಜೋರು ಉರಿಯಲ್ಲಿ ಖಾಲಿ ಬಾಣಲೆ ಆ ಶಾಖಕ್ಕೆ ಬೇಗ ಏರುತ್ತದೆ. ಆಲೂಗಡ್ಡೆ, ಕೋಳಿಗೆ ಬೀಡುಕಬ್ಬಿಣಕ್ಕೆ ಸಾಟಿಯಿಲ್ಲ. ಆದರೆ ಟೊಮೆಟೊ ಸಾಸನ್ನು ಅದರಲ್ಲಿ ತುಂಬಾ ಹೊತ್ತು ಕುದಿಸಿದರೆ ಲೋಹದ ರುಚಿ ಬರುತ್ತದೆ, ಪಳಗಿಸಿದ ಪದರವೂ ಕಿತ್ತುಹೋಗುತ್ತದೆ. ಮಕ್ಕಳ ನಾಲಿಗೆ ಆ ರುಚಿಯನ್ನು ತಟ್ಟನೆ ಗುರುತಿಸುತ್ತದೆ. ಪಾಸ್ತಾ, ಅಕ್ಕಿಗೆ ದಪ್ಪ ತಳದ ಸ್ಟೀಲ್ ಸಾಕು. ಒಂದನ್ನೇ ಕೊಳ್ಳುವುದಾದರೆ ನಾನು ದಪ್ಪ ತಳದ ಸ್ಟೀಲನ್ನೇ ಕೊಳ್ಳುತ್ತೇನೆ. ಮೊಟ್ಟೆಗೆ ಸ್ವಲ್ಪ ಎಣ್ಣೆ ಜಾಸ್ತಿ ಹಾಕಿದರಾಯಿತು.

ಇವತ್ತು ರಾತ್ರಿಗೆ

ಮಗು ಈಗಾಗಲೇ ಹಸಿದಿದ್ದರೆ ಮೊಟ್ಟೆ. ವಾರವಿಡೀ ಹಠ ಮಾಡಿ ಏನೂ ತಿನ್ನದೆ ಸೊರಗಿದ್ದರೆ ಪಾಸ್ತಾ. ನಿಮ್ಮ ಕೈ ಬೇರೆ ಕೆಲಸಕ್ಕೆ ಬೇಕಿದ್ದರೆ, ಅಥವಾ ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂರುವುದಿದ್ದರೆ ಅಕ್ಕಿ. ರಜೆಯ ಸಂಜೆ, ಮಕ್ಕಳೂ ತೊಳೆಯಲು ಒರೆಸಲು ಕೈಜೋಡಿಸುವ ಹಾಗಿದ್ದರೆ ಆಲೂಗಡ್ಡೆ. ಎರಡರ ನಡುವೆ ಮನಸ್ಸು ಹೊಯ್ದಾಡಿದರೆ ಮಗುವನ್ನೇ ಕೇಳಿ, ಆದರೆ "ಏನು ಬೇಕು?" ಅಂತ ಕೇಳಬೇಡಿ. "ಅನ್ನವಾ, ಮೊಟ್ಟೆಯಾ?" ಅಂತ ಕೇಳಿ. ತಾನೇ ಆರಿಸಿದ್ದನ್ನು ಮಗು ಬೇಡ ಅನ್ನುವುದು ಕಡಿಮೆ.

ಐದು ವರ್ಷದೊಳಗಿನವರಿಗೆ ದುಂಡಗಿನ, ಗಟ್ಟಿ ಚೂರುಗಳನ್ನು ಹಾಗೇ ಬಡಿಸಬೇಡಿ. ಸಾಸೇಜ್, ಚೆರ್ರಿ ಟೊಮೆಟೊ ಇವನ್ನು ಉದ್ದಕ್ಕೆ ಸೀಳಿ. ಗೋಡಂಬಿ, ಬಾದಾಮಿಯಂಥವನ್ನು ಪುಡಿ ಮಾಡಿ ಹಾಕಿ. ಬಾಣಲೆಯನ್ನೇ ಮೇಜಿನ ಮಧ್ಯೆ ಇಟ್ಟು ಮಕ್ಕಳು ತಾವೇ ಬಡಿಸಿಕೊಳ್ಳಲು ಬಿಟ್ಟರೆ ಊಟ ಚೆನ್ನಾಗಿ ಸೇರುತ್ತದೆ. ಹಾಗೆ ಇಡುವ ಮೊದಲು ಬಿಸಿ ಹಿಡಿಗೆ ದಪ್ಪ ಬಟ್ಟೆ ಸುತ್ತಿ, ಅದನ್ನು ನಿಮ್ಮ ಕಡೆಗೆ ತಿರುಗಿಸಿಕೊಂಡು ಕೂರಿ.